ಗುಮ್ಮನನ್ನು ಕೂರಿಸಿದ ಮಂಚಲೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಬೇರೂರು ಎಂಬ ರಾಜ್ಯವಿತ್ತು. ಅದರ ಕೋಟೆಗೆ ಏಳು ಸುತ್ತು. ಎಂಟು ಅನ್ನುವವರೂ ಇದ್ದಾರೆ. ಎಣಿಸಲು ಹೋದವನು ತಲೆತಿರುಗಿ ಬಿದ್ದನಂತೆ, ಹಾಗಾಗಿ ಏಳೇ ಇರಲಿ. ಆ ಊರಿನಲ್ಲಿ ದುಡಿಮೆಯೆಲ್ಲ ಭೂತಗಳದ್ದು. ದೀಪ ಹಚ್ಚಲು ಒಂದು, ಗಂಟೆ ಬಾರಿಸಲು ಒಂದು, ಪಾತಾಳದಿಂದ ನೀರೆತ್ತಲು ಗುಮ್ಮ ಎಂಬ ದೊಡ್ಡ ಭೂತ. ಅವುಗಳನ್ನು ಕೆಲಸಕ್ಕೆ ಕೂರಿಸುವುದು ಮಂಚಲೆಯ ಕಸುಬು.

ಒಂದು ಬೆಳಿಗ್ಗೆ ಗುಮ್ಮ ಏಳಲಿಲ್ಲ. ಬಾವಿಗಳು ಒಣಗಿದವು. ಅರಮನೆಯಲ್ಲಿ ಮಜ್ಜಿಗೆಯಲ್ಲೇ ಅನ್ನ ಬೇಯಿಸಿದರು. ಆಗ ಮಾಟಗಾರ ತೊಡಕಯ್ಯ ಬಂದು ಮುದಿ ಅರಸ ಏಚರಸನ ಮುಂದೆ ಕಾಲು ಚಾಚಿ ಕೂತ.

"ಮಲಗಿಸಿದವನು ನಾನೇ. ಇನ್ನು ದಿನಾ ನಾನು ಮಂತ್ರ ಹೇಳಿದರೇ ಅವನು ಏಳೋದು. ಮೂರನೆಯ ಬೆಳಗಿಗೆ ಕಿರೀಟ ಕೊಡು. ಇಲ್ಲ, ಊರಿಗೆ ಊರೇ ಬಾಯಾರಿ ಸಾಯಲಿ."

ಪಾಪ, ಏಚರಸ ಕಿರೀಟವನ್ನು ಒರೆಸಿ ಇಡತೊಡಗಿದ.

ಸುದ್ದಿ ಕೇಳಿದ ಮಂಚಲೆ ಸಾಮಾನಿನ ಗಂಟನ್ನು ಸೊಂಟಕ್ಕೆ ಬಿಗಿದು ಕೋಟೆಬಾಗಿಲಿಗೆ ಓಡಿದಳು. ಅಲ್ಲಿ ಮಾತಾಡುವ ಆಮೆಯ ಕಾವಲು. ಗುರುತಿನ ಮಾತು ಹೇಳಿದವರಿಗೆ ಅದು ಓಲೆ ನೋಡಿ ಅವರವರ ಪಾಲಿನ ಚಿಪ್ಪು ಕೊಡುತ್ತಿತ್ತು. ಚಿಪ್ಪು ತಲೆಗಿಟ್ಟರೆ ಕೋಟೆಯ ಕಲ್ಲೂ ನಿಮ್ಮ ಮಾತು ಕೇಳುತ್ತದೆ.

ಮಂಚಲೆ ಗುರುತು ಹೇಳಿದಳು. "ಬಾರವ್ವ" ಎಂದು ಆಮೆ ಚಿಪ್ಪು ಕೊಟ್ಟಿತು. ತಲೆಗಿಟ್ಟಳೋ ಇಲ್ಲವೋ, ದಬಕ್ಕನೆ ಬಾಗಿಲ ಹೊರಗೆ ಬಿದ್ದಳು. ಇನ್ನೊಮ್ಮೆ ಹೋದಳು, ಇನ್ನೊಮ್ಮೆ ಬಿದ್ದಳು. ಮೂರನೆಯ ಸಲ ಬಿದ್ದಲ್ಲೇ ಕೂತು ಯೋಚಿಸಿದಳು.

"ಆಮೆಯಪ್ಪ, ಒಳಗೆ ಬಿಟ್ಟೆಯಲ್ಲ, ಅಂದರೆ ನನ್ನ ಗುರುತು ಸರಿಯಿದೆ. ಹೊರಗೆ ಒಗೀತಿರೋದು ಚಿಪ್ಪು. ಓಲೆಯಲ್ಲಿ ನನ್ನ ಹೆಸರಿನ ಮುಂದೆ ಏನಿದೆ, ಓದು."

"ಮಂಚಲೆ. ಭೂತದ ಮನೆಯವಳು. ಟೊಳ್ಳುಚಿಪ್ಪು."

"ಟೊಳ್ಳಾ! ಯಾವನೋ ಬರೆದದ್ದು?"

"ಬರೆದವರನ್ನ ಕೇಳೋದು ನನ್ನ ಕೆಲಸ ಅಲ್ಲವ್ವ. ಅರಸರ ಮಾತಿಲ್ಲದೆ ತಿದ್ದೋದೂ ಅಲ್ಲ."

ಉಪ್ಪರಿಗೆಯಿಂದ ಏಚರಸ ಕೂಗಿದ: "ತಿದ್ದೋ ಕಲ್ಲುಬೆನ್ನಿನವನೇ!" ಆಮೆ ತಿದ್ದಿ ಗಟ್ಟಿಚಿಪ್ಪು ಕೊಟ್ಟಿತು. ಮಂಚಲೆ ಒಳಗೆ ಉಳಿದಳು. ಒಂದು ದಿನ ಕಳೆಯಿತು.

ಗುಮ್ಮ ಮಲಗಿದ್ದ ಭೂತದ ಮನೆಗೆ ಸಾವಿರ ಮೆಟ್ಟಿಲು ಇಳಿಯಬೇಕು. ಭೂತವೊಂದು ಏಳದ ದಿನ ಅದರ ಬಾಗಿಲ ಕಲ್ಲುಸಿಂಹ ಮಂಚಲೆಯನ್ನೂ ಬಿಡದು, ಅರಸನೊಬ್ಬನನ್ನೇ ಬಿಡುವುದು.

"ನನ್ನ ಮೊಣಕಾಲು ಹತ್ತು ಮೆಟ್ಟಿಲಿಗೇ ಕೈ ಮುಗಿಯುತ್ತೆ ತಾಯಿ. ವೇಷದ ಕನ್ನಡಿ ದಾಟಿ ನೀನೇ ನಾನಾಗು" ಎಂದು ಏಚರಸ ತನ್ನ ಗುಟ್ಟುಮಾತು ಕಿವಿಯಲ್ಲಿ ಹೇಳಿದ. ಕನ್ನಡಿ ಕೊಡುವ ರೂಪ ಹೊತ್ತು ಮುಳುಗುವವರೆಗೆ ಮಾತ್ರ. ಆ ಒಂದು ದಿನ ಎಷ್ಟು ಸಲ ಬೇಕಾದರೂ ದಾಟಬಹುದು, ಹೊತ್ತು ಮುಳುಗಿದ ಮೇಲೆ ಮತ್ತೆ ಬೇಕೆಂದರೆ ವರ್ಷ ಕಾಯಬೇಕು.

ಮಂಚಲೆ ಅರಸನ ಹೆಸರೂ ಗುಟ್ಟೂ ಹೇಳಿ ಕನ್ನಡಿ ದಾಟಿದಳು. ಮೀಸೆ ಬಂತು, ಬೊಜ್ಜು ಬಂತು. ಸಾವಿರ ಮೆಟ್ಟಿಲಿಳಿದು ನಿಂತರೆ ಸಿಂಹ ಮೂಸಿ ನಕ್ಕಿತು.

"ಮೀಸೆ ಅರಸನದು, ಸೊಂಟದ ಗಂಟು ಯಾರದು? ರಾಜಮುದ್ರೆ ಎಲ್ಲಿದೆ, ಹೇಳು ನೋಡೋಣ."

ಅವಳಿಗೆ ತನ್ನ ಮನೆಯ ಉಪ್ಪಿನ ಮರಿಗೆ ಎಲ್ಲಿದೆಯೆಂದು ಹೊಳೆಯಿತೇ ಹೊರತು ಮುದ್ರೆ ಹೊಳೆಯಲಿಲ್ಲ. ಕಸುಬಿನವಳು ಗಂಟು ಬಿಚ್ಚಿಟ್ಟವಳೇ ಅಲ್ಲ. ಅದರ ಜೊತೆ ತನ್ನ ನೆನಪು, ತನ್ನ ರೂಢಿ ಎಲ್ಲವನ್ನೂ ಹೊತ್ತೇ ಅರಸನಾಗಿದ್ದಳು. ತಿರುಗಿ ಸಾವಿರ ಮೆಟ್ಟಿಲು ಹತ್ತಿದಳು. ಕನ್ನಡಿಯಿಂದ ಹಿಂದೆ ಬಂದು, ಗಂಟು ಇಳಿಸಿ, ಬರಿಗೈಯಲ್ಲಿ ಮತ್ತೆ ದಾಟಿದಳು. ಈಗ ಅರಸನ ಕೆಮ್ಮೂ ಬಂತು, ಮೊಣಕಾಲು ನೋವೂ ಬಂತು, ಮುದ್ರೆ ಎಡಮೋಜಡಿಯ ಒಳಗಿದೆಯೆಂಬ ನೆನಪೂ ಬಂತು. ಕೂತು, ಎದ್ದು, ಕುಂಟುತ್ತ ಸಾವಿರ ಮೆಟ್ಟಿಲಿಳಿದು ಮುದ್ರೆಯ ಜಾಗ ಹೇಳಿದಳು. ಸಿಂಹ ಬಾಲ ಮುದುರಿ ದಾರಿ ಬಿಟ್ಟಿತು.

"ಏಳೋ ಗುಮ್ಮ!" ಅಂದಳು. ಗುಮ್ಮ ಎದ್ದ. ಬಾವಿಗಳು ತುಂಬಿದವು. ಊರು ಕುಣಿಯಿತು.

ಆದರೆ ಗವಾಕ್ಷಿಯಿಂದ ತೊಡಕಯ್ಯನ ನಗು ಕೇಳಿತು. "ಸಂಜೆಗೆ ಮಲಗ್ತಾನೆ. ನಾಳೆ ನಿನಗೆ ಮೀಸೆ ಇರಲ್ಲ ಕಣೇ. ಆಗ ಎಬ್ಬಿಸೋರು ಯಾರು?"

ಸೂರ್ಯ ಪಡುವಣಕ್ಕೆ ವಾಲಿದ್ದ. ಮಂಚಲೆ ಗುಮ್ಮನಿಗೆ ಬೈಯಲು ಬಾಯಿ ತೆರೆದವಳು ತಡೆದುಕೊಂಡಳು. ಭೂತದ ಮನೆಯಲ್ಲಿ ಗೊಣಗುಗೋಡೆ ಅಂತ ಒಂದಿದೆ. ಭೂತಗಳ ಗೊಣಗಾಟವೆಲ್ಲ ತಾನಾಗಿ ಅದರ ಮೇಲೆ ಮೂಡುತ್ತದೆ. ಅದನ್ನು ಓದಿದವರು ಕಡಿಮೆ, ಭೂತಕ್ಕೆ ಬೈದವರೇ ಹೆಚ್ಚು. ಮಂಚಲೆ ಓದಿದಳು. ಕೊನೆಯ ಸಾಲು ಹೀಗಿತ್ತು: "ಬೆಳಗಿನ ಓಲೆಯಿಂದ ನನ್ನ ಹೆಸರು ಕೆರೆದಿದ್ದಾರೆ. ಕರೆದರೆ ಏಳುತ್ತೇನೆ. ಕರೆಯದೆ ಏಳಲು ನನಗೇನು ಹುಚ್ಚೇ? ಇಂತಿ ಗುಮ್ಮ."

"ಅಯ್ಯೋ ಪೆದ್ದಿ, ಎಬ್ಬಿಸಿದೆ, ಓಲೆಯಲ್ಲಿ ಕೂರಿಸಲೇ ಇಲ್ಲವಲ್ಲ!" ಎಂದು ತಲೆ ಚಚ್ಚಿಕೊಂಡಳು.

ಬೆಳಗಿನ ಓಲೆಯಲ್ಲಿ ಹೆಸರಿದ್ದ ಭೂತಗಳು ಸೂರ್ಯನ ಜೊತೆ ತಾವಾಗಿ ಏಳುತ್ತವೆ. ಮಂಚಲೆ ಅಲ್ಲೇ ತೂಗುತ್ತಿದ್ದ ಓಲೆಯಲ್ಲಿ ಗುಮ್ಮನ ಹೆಸರು ಬರೆದಳು, ಮೋಜಡಿಯೊಳಗಿನ ಮುದ್ರೆ ತೆಗೆದು ಒತ್ತಿದಳು. ಬರೆದರಷ್ಟೇ ಸಾಲದು, ಓಲೆಗೆ ಕೇಳುವಂತೆ ಓದಬೇಕು. ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಕೊನೆಯ ಅಕ್ಷರಕ್ಕೆ ಸೂರ್ಯ ಮುಳುಗಿದ, ಮೀಸೆ ಉದುರಿತು.

ಮೂರನೆಯ ಬೆಳಗು. ತೊಡಕಯ್ಯ ಅರಮನೆಯ ಅಂಗಳದಲ್ಲಿ ತಾನು ಕಟ್ಟಿದ ಮಂತ್ರದ ಕಟ್ಟೆ ಹತ್ತಿ, ಹೊಸ ಜರಿಪೇಟ ಬಿಚ್ಚಿ ಬೋಳುತಲೆ ಚಾಚಿ ನಿಂತ. "ಎಲ್ಲಿ, ಇಡು ಕಿರೀಟ!"

ಏಚರಸ ಕಿರೀಟವನ್ನು ಇನ್ನೊಮ್ಮೆ ಒರೆಸಿ ಎತ್ತಿದ. ಅಷ್ಟರಲ್ಲಿ ಬೆಟ್ಟದ ನೆತ್ತಿಗೆ ಬಿಸಿಲು ತಾಗಿತು. ಯಾರೂ ಕರೆಯಲಿಲ್ಲ, ಯಾರೂ ಮಂತ್ರ ಹೇಳಲಿಲ್ಲ. ಪಾತಾಳದಲ್ಲಿ ಗುಮ್ಮ ಆಕಳಿಸಿ ಎದ್ದ. ಬಾವಿ ಬಾವಿಯೂ ಭೋರೆಂದಿತು. ತೊಡಕಯ್ಯ ನಿಂತ ಕಟ್ಟೆ ಒಡೆದು ನೀರು ಚಿಮ್ಮಿತು. ಅವನ ಮಾಟವೆಲ್ಲ ಬಣ್ಣದಂತೆ ತೊಳೆದುಹೋಯಿತು. ಏಳೂ ಸುತ್ತಿನ ಮೋರಿ ಹಾಯ್ದು ಗಡಿಯಾಚೆ ಹೋಗಿ ಬಿದ್ದವನು ಇವತ್ತಿಗೂ ಒದ್ದೆಯಾಗಿದ್ದಾನಂತೆ.

ಏಚರಸ ಕಿರೀಟವನ್ನು ತನ್ನ ತಲೆಗೇ ಇಟ್ಟುಕೊಂಡು ಕೊಡಗಟ್ಟಲೆ ನೀರು ಕುಡಿದ. ಬೇರೂರಿನ ಜನ ಮಿಂದರು, ಉಂಡರು, ನೂರು ವರ್ಷ ನಕ್ಕು ಬಾಳಿದರು.

ಮಂಚಲೆಗೆ ಸನ್ಮಾನ ಮಾಡಲು ಆನೆ ಹೋಯಿತು, ವಾದ್ಯ ಹೋಯಿತು. ಅವಳ ಬಾಗಿಲು ಮುಚ್ಚಿತ್ತು. ತಾನಾಗಿ ಏಳುವ ಭೂತ ಊರಲ್ಲಿರುವಾಗ ತಾನೇಕೆ ಬೇಗ ಏಳಬೇಕೆಂದು ಅವಳು ಹೊತ್ತು ನೆತ್ತಿಗೇರುವವರೆಗೂ ಗೊರಕೆ ಹೊಡೆಯುತ್ತಿದ್ದಳು.