ಬ್ರೇಕಮ್ಮ ಕೊಂಡ ಬೂದು ಸೆಡಾನ್

“ಮಾರೋನೂ ನಾನೇ, ಬೇಡ ಅನ್ನೋನೂ ನಾನೇ. ಬಿಟ್ಟುಬಿಡಿ ಅಕ್ಕಾ,” ಎಂದ ದರ್ಜಿ, ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ. “ಇದನ್ನ ಗುಜರಿಗೆ ಹಾಕೋಣ ಅಂತಿದ್ದೆ.”

ಬ್ರೇಕಮ್ಮ ಆಗಲೇ ಬಾನೆಟ್ ಎತ್ತಿದ್ದಳು. ಹತ್ತೊಂಬತ್ತು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದವಳು. ಪಕ್ಕದ ಸೀಟಿನಿಂದ ‘ಬ್ರೇಕ್! ಬ್ರೇಕ್!’ ಎಂದು ಅರಚಿ ಅರಚಿ ಆ ಹೆಸರು ಅಂಟಿತ್ತು. ಬೂದು ಬಣ್ಣದ ಸೆಡಾನ್. ಆಯಿಲ್ ತಿಳಿಯಾಗಿದೆ, ಟೈರು ಹೊಸದು, ಡಿಕ್ಕಿಯಲ್ಲಿ ಇಡೀ ಸಂಸಾರದ ಸಾಮಾನು ಹಿಡಿಸುತ್ತದೆ. ಬೆಲೆಯೋ, ಅರ್ಧಕ್ಕರ್ಧ. ಬಿಡುವುದುಂಟೇ?

“ದೋಷ ಏನು, ನೇರವಾಗಿ ಹೇಳಪ್ಪ. ಗೇರ್‌ಬಾಕ್ಸಾ?”

“ಮಾಟ.” ದರ್ಜಿ ದನಿ ತಗ್ಗಿಸಿದ. “ಮನೆ ಪಾಲಾದಾಗ ಕಾರು ನನಗೆ ಬಂತು. ಅಣ್ಣನಿಗೆ ಹೊಟ್ಟೆ ಉರೀತು, ಮಾಡಿಸಿಬಿಟ್ಟ. ಒಡೆಯನಿಗೆ ಏನೂ ಆಗಲ್ಲ ಅಕ್ಕಾ. ಒಡೆಯನ ಕರುಳಕುಡಿ ಸ್ಟೀರಿಂಗ್ ಹಿಡಿದ್ರೆ ಮಾತ್ರ ಬಿಡಲ್ಲ. ನನ್ನ ಮಗ ಹಿಡಿದ. ಈಗ ಇಪ್ಪತ್ನಾಲ್ಕು ವರ್ಷದವನಿಗೆ ನಾವೇ ತುತ್ತು ಇಡ್ತೀವಿ.”

ಮನೆಯ ಒಳಕೋಣೆಯಲ್ಲಿ ಯಾರೋ ನರಳಿದರು. ಬ್ರೇಕಮ್ಮನ ಕೈ ಒಂದು ಗಳಿಗೆ ನಿಂತಿತು, ಅಷ್ಟೆ. ಹುಡುಗ ಹುಚ್ಚಾಪಟ್ಟೆ ಓಡಿಸಿರುತ್ತಾನೆ, ಅಪ್ಪ ಅದನ್ನು ಮಾಟದ ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡಳು.

“ನಿಮ್ಮ ಮಾಟಕ್ಕೆ ಲೈಸೆನ್ಸ್ ಇದೆಯಾ?” ಎಂದು ನಕ್ಕಳು. “ನನ್ನ ಮಾತು ಕೇಳದ ಗಾಡಿ ಇನ್ನೂ ಹುಟ್ಟಿಲ್ಲ. ಕೀ ಕೊಡು.”

ಕಾಗದಪತ್ರ ತನ್ನ ಹೆಸರಿಗಾದ ಮೇಲೆ ಪಕ್ಕದ ಸೀಟಿನ ಕಾಲಬಳಿ ಇನ್ನೊಂದು ಬ್ರೇಕ್ ಹಾಕಿಸಿದಳು, ಕಲಿಸುವವರ ಗಾಡಿಯಲ್ಲಿ ಇರುತ್ತದಲ್ಲ, ಅಂಥದ್ದು. ಹದಿನೆಂಟು ತುಂಬಿದ ಒಬ್ಬಳೇ ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದಳು. ಹಾಳುಬಿದ್ದ ಕಲ್ಲುಗಣಿಯ ಸುತ್ತ ದಾರಿ ಅಗಲ, ಜನಸಂಚಾರವಿಲ್ಲ. ಮಟಮಟ ಮಧ್ಯಾಹ್ನ.

“ಅಮ್ಮಾ, ಏನೋ ಸುಟ್ಟ ವಾಸನೆ.”

“ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸಿದ್ರೆ ಇನ್ನೇನು ಪರಿಮಳ ಬರುತ್ತಾ? ತೆಗಿ ಕಾಲು.”

ಆದರೆ ಅದು ಕ್ಲಚ್ಚಿನ ವಾಸನೆಯಲ್ಲ. ಕೂದಲು ಸುಟ್ಟ ಕಮಟು. ಅದರಡಿಯಲ್ಲಿ ಕೊಳೆತ ನಿಂಬೆಯ ಹುಳಿ. ಏಸಿಯ ಕಿಂಡಿಗಳಿಂದ ಬೆಚ್ಚಗೆ, ಯಾರದೋ ಉಸಿರಿನ ಹಾಗೆ ಬರುತ್ತಿತ್ತು. ನೋಡನೋಡುತ್ತಿದ್ದಂತೆ ಗಾಜುಗಳೆಲ್ಲ ಒಳಗಿನಿಂದ ಮಸಿ ಹಿಡಿದವು. ಹೊರಗೆ ಸುಡುಬಿಸಿಲು, ಒಳಗೆ ಕಗ್ಗತ್ತಲೆ. ಮೀಟರಿನ ಮುಳ್ಳು ಮಾತ್ರ ಕೆಂಪಗೆ ಮೇಲೇರುತ್ತಿತ್ತು.

“ಅಮ್ಮಾ! ಸ್ಟೀರಿಂಗ್ ತಾನೇ ತಿರುಗ್ತಿದೆ!”

“ಬ್ರೇಕ್! ಬ್ರೇಕ್!”

ತಾನೂ ತುಳಿದಳು. ಪೆಡಲ್ ಅರ್ಧ ಇಳಿದು ನಿಂತಿತು. ಕೆಳಗಿನಿಂದ ಯಾರೋ ಒತ್ತುತ್ತಿದ್ದರು. ತಣ್ಣಗಿನ ಬೆರಳುಗಳು ಪಾದ ಸವರಿದವು. ಹಿಡಿದವು. ಮೇಲಕ್ಕೆತ್ತಿದವು. ಚಕ್ರದಡಿ ಜಲ್ಲಿ ಕರಕರ ಎಂದಿತು. ಗಣಿಯ ಅಂಚು! ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಬ್ರೇಕಮ್ಮನಿಗೆ ಹೆದರಿಕೆಯಾಯಿತು.

“ಬಿಡೋ ಮುಂಡೇದೇ!”

ಸ್ಪೀಕರ್ ಗರಗರ ಎಂದಿತು. ಕೆಸರಿನೊಳಗಿಂದ ಬಂದಂಥ ದನಿ.

“ಯಾರಿವಳು? ನಿನ್ನ ಕರುಳಾ?”

ಒಡೆಯನ ಕರುಳಕುಡಿಯನ್ನು ಬಿಡಲ್ಲ ಎಂದಿದ್ದ ದರ್ಜಿ. ಕರುಳಕುಡಿ ಅಲ್ಲದಿದ್ದರೆ?

“ನನಗೆ ಮಕ್ಕಳೇ ಇಲ್ಲ ಕಣೋ! ಇವಳು ಕಲಿಯೋಕೆ ಬಂದ ಹುಡುಗಿ. ನಾನು ಹೆತ್ತವಳಲ್ಲ!”

“ಮೂರು ಸಲ ಹೇಳು.”

ಹೇಳಿದಳು. ಹಿಡಿತ ಸಡಿಲವಾಯಿತು. ಮತ್ತೆ ಹೇಳಿದಳು. ಮೂರನೆಯದಕ್ಕೆ ನಾಲಿಗೆ ಏಳಲಿಲ್ಲ. ಮುಂದಿನ ಚಕ್ರ ಗಾಳಿಯಲ್ಲಿ ಗಿರ್ರನೆ ತಿರುಗಿತು. ಮಗಳು ಚೀರಿದಳು. ಬ್ರೇಕಮ್ಮ ಹೇಳಿಬಿಟ್ಟಳು.

ಕಾರು ತಾನಾಗಿಯೇ ಹಿಂದಕ್ಕೆ ಸರಿದು ನಿಂತಿತು. ಗಾಜು ತಿಳಿಯಾಯಿತು. ಬಿಸಿಲು ಕಣ್ಣಿಗೆ ಹೊಡೆಯಿತು.

“ನೋಡಿದ್ಯಾ ಪುಟ್ಟೀ? ಮಾಟಕ್ಕೇ ಟೋಪಿ ಹಾಕ್ದೆ!” ಬ್ರೇಕಮ್ಮ ಅಳುತ್ತ, ನಗುತ್ತ ಮಗಳ ಕೈ ಹಿಡಿದಳು.

ಹುಡುಗಿ ಮೆಲ್ಲಗೆ ಕೈ ಬಿಡಿಸಿಕೊಂಡಳು. “ಸಾರಿ ಮೇಡಂ. ಮೊದಲನೇ ದಿನವೇ ಹೀಗೆ ಮಾಡಿಬಿಟ್ಟೆ.”

“ಏಯ್, ಸಾಕು ಮಾಡು. ಅಮ್ಮನ ಹತ್ರನೇ ತಮಾಷೆನಾ?”

“ಅಮ್ಮನಾ? ನಾನು ಚಿಕ್ಕೋಳಿದ್ದಾಗಲೇ ತೀರ್ಕೊಂಡ್ರಲ್ಲ, ಮೇಡಂ.”

ಇದು ತಮಾಷೆಯಲ್ಲ ಎಂದು ಬ್ರೇಕಮ್ಮನಿಗೆ ಹೊಳೆಯಿತು. ನೀನು ನನ್ನ ಮಗಳು ಎಂದು ಈ ಕಾರಿನೊಳಗೆ ಹೇಳುವಂತಿರಲಿಲ್ಲ. ಎಂಜಿನ್ ಇನ್ನೂ ಸಣ್ಣಗೆ ಗುರುಗುಡುತ್ತಿತ್ತು, ಕೇಳಿಸಿಕೊಳ್ಳುತ್ತಿತ್ತು.

“ಇಳಿ,” ಎಂದಳು.

ಇಬ್ಬರೂ ಇಳಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿಸಿ, ಹಿಂದಿನಿಂದ ಹೆಗಲು ಕೊಟ್ಟು ನೂಕಿದಳು. ಕಾರು ಅಂಚು ದಾಟಿತು. ಕೆಳಗೆ, ಬಹಳ ಕೆಳಗೆ, ಗಣಿಯಲ್ಲಿ ನಿಂತ ನೀರು ಧಡಾರೆಂದಿತು.

“ಈಗ ಕೇಳು. ನೀನು ನನ್ನ ಮಗಳು. ನಾನೇ ಹೆತ್ತಿದ್ದು.”

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಕಣ್ಣಲ್ಲಿ ಭಯವಿತ್ತು, ಕರುಣೆಯೂ ಇತ್ತು, ಗುರುತು ಮಾತ್ರ ಇರಲಿಲ್ಲ. “ಮೇಡಂ... ತಲೆಗೇನಾದ್ರೂ ಏಟು ಬಿತ್ತಾ?”

ಬ್ರೇಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹೆತ್ತವಳನ್ನು ಸಾಯಿಸಿದೆಯಲ್ಲವೇ ಮಾಟವೇ, ಇರು, ಕಲಿಸುವವಳು ಇನ್ನೂ ಬದುಕಿದ್ದಾಳೆ ಎಂದುಕೊಂಡಳು.

“ನಾಳೆ ಬೆಳಗ್ಗೆ ಆರಕ್ಕೆ ಬಾ,” ಎಂದಳು. “ಬೇರೆ ಗಾಡಿ ತರ್ತೀನಿ.”