ಒಂದು ಬೈಟಿನ ಎಣಿಕೆ

ಆಸ್ಪತ್ರೆಯ ಹೊಸ ವಿಭಾಗ ಶುರುವಾದ ಬೆಳಿಗ್ಗೆಯೇ ರೋಗಿಗಳ ನಾಡಿ ತೋರಿಸುವ ಪರದೆಗಳೆಲ್ಲ ಒಮ್ಮೆಲೇ ಕಪ್ಪಾದವು. ನರ್ಸುಗಳು ಹಾಸಿಗೆಯಿಂದ ಹಾಸಿಗೆಗೆ ಓಡಿ ಕೈ ಹಿಡಿದು ನಾಡಿ ನೋಡಿದರು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆ ಪರದೆಗಳನ್ನು ನಡೆಸುವ ಯಂತ್ರದ ಕರ್ನಲ್, ಅಂದರೆ ಅದರ ಮೂಲ ತಂತ್ರಾಂಶ, ಬರೆದವರು ನಾವು. ಕೊನೆಯದಾಗಿ ಕೋಡ್ ಮುಟ್ಟಿದವಳು ಪರದೆಗಳನ್ನು ಯಂತ್ರಕ್ಕೆ ಬೆಸೆಯುವ ಡ್ರೈವರ್ ಕೋಡ್ ಬರೆಯುವ ಹುಡುಗಿಯಾದ್ದರಿಂದ, ಸಂಜೆಯೊಳಗೆ ಅವಳನ್ನು ಕೆಲಸದಿಂದ ತೆಗೆಯುವುದಾಗಿ ಮ್ಯಾನೇಜರ್ ಹೇಳಿಬಿಟ್ಟರು.

"ನಾನೇನೂ ಮಾಡಿಲ್ಲ ಅಕ್ಕಾ," ಎಂದು ಅವಳು ನಮ್ಮ ಮೇಜಿನ ಬಳಿ ಬಂದು ಅತ್ತಳು.

ಅಕ್ಕ ಎಂದರೆ ನನ್ನ ಪಕ್ಕದ ಕುರ್ಚಿಯ ಭೂತಗನ್ನಡಿ. ತಪ್ಪು ಹುಡುಕುವುದಕ್ಕೆ ಆಫೀಸಿನಲ್ಲಿ ಸಂಬಳ ಪಡೆಯುತ್ತಿದ್ದಳು. ಮನೆಯಲ್ಲಿ ಗಂಡನಿಗೆ ಆ ಸೇವೆ ಬಿಟ್ಟಿ. ಹುಡುಗಿಯ ಮೇಲೆ ನನಗೂ ಅನುಮಾನವಿತ್ತು, ಮುಚ್ಚಿಡುವುದೇಕೆ? ಭೂತಗನ್ನಡಿ ಮಾತ್ರ, "ನಮ್ಮ ಪರೀಕ್ಷಾ ಕೋಣೆಯಲ್ಲಿ ಯಾಕೆ ಕೆಡ್ಲಿಲ್ಲ?" ಎಂದು ಕೇಳಿ ಎದ್ದಳು. ಅಲ್ಲಿ ಕೂತು, ನಿಜದ ಪರದೆಗಳಂತೆ ನಟಿಸುವ ಸುಳ್ಳು ಪರದೆಗಳನ್ನು ಒಂದೊಂದಾಗಿ ಯಂತ್ರಕ್ಕೆ ಜೋಡಿಸುತ್ತಾ ಹೋದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಲ್ಲವೂ ಕಪ್ಪಾದವು.

ಊಟದ ನಂತರ ಎಲ್ಲರನ್ನೂ ಸೇರಿಸಿದಳು. ಮ್ಯಾನೇಜರ್, ಹುಡುಗಿ, ನಾನು, ಜೊತೆಗೆ ಮೇಷ್ಟ್ರು. ಮೇಷ್ಟ್ರು ನಮಗೆಲ್ಲ ಕರ್ನಲ್ ಕಲಿಸಿದ ಹಿರಿಯರು, ಯಂತ್ರದ ಮೆಮೊರಿ ಖರ್ಚು ಮಾಡುವುದರಲ್ಲಿ ಮಹಾ ಜಿಪುಣರು.

"ಎಷ್ಟು ಪರದೆ ಬಳಸ್ತಿವೆ ಅಂತ ಕರ್ನಲ್ ಲೆಕ್ಕ ಇಡುತ್ತೆ. ಲೆಕ್ಕ ಸೊನ್ನೆ ಆದ್ರೆ, ಇನ್ಯಾರಿಗೂ ಬೇಡ ಅಂದ್ಕೊಂಡು ಪರದೆಗಳು ತೋರಿಸೋ ಮಾಹಿತಿಯನ್ನೇ ಅಳಿಸಿಬಿಡುತ್ತೆ," ಎಂದಳು ಭೂತಗನ್ನಡಿ. "ಆ ಲೆಕ್ಕಕ್ಕೆ ಮೊದಲು ಮೆಮೊರಿಯಲ್ಲಿ ನಾಲ್ಕು ಬೈಟ್ ಜಾಗ ಇತ್ತು. ಜಾಗ ಉಳಿಸೋಕೆ ಯಾರೋ ಅದನ್ನ ಒಂದಕ್ಕೆ ಇಳಿಸಿದ್ದಾರೆ. ಒಂದು ಬೈಟಲ್ಲಿ ಇನ್ನೂರೈವತ್ತೈದರ ತನಕ ಎಣಿಸಬಹುದು. ಅದರ ಮೇಲೆ ಇನ್ನೊಂದು ಪರದೆ ಬಂತೋ, ಲೆಕ್ಕ ಸೊನ್ನೆಗೆ ತಿರುಗುತ್ತೆ. ಹೊಸ ವಿಭಾಗದ ಪರದೆಗಳು ಸೇರಿದಾಗ ಆಗಿದ್ದು ಇದೇ."

"ಯಾರದು ಆ ಕೆಲಸ?" ಎಂದರು ಮ್ಯಾನೇಜರ್.

"ಈ ಬದಲಾವಣೆ ದಾಖಲಾಗಿರೋದು ಇಡೀ ತಂಡದ ಹೆಸರಲ್ಲಿ, ಅದರಿಂದ ಗೊತ್ತಾಗಲ್ಲ. ಆದ್ರೆ ಬೆಳಿಗ್ಗೆ ಸುದ್ದಿ ಬಂದಾಗ ನಾವೆಲ್ಲ ಕೇಳಿದ್ದು, ರೋಗಿಗಳು ಹೇಗಿದ್ದಾರೆ ಅಂತ. ಒಬ್ಬರು ಮಾತ್ರ, ಎಷ್ಟು ಪರದೆ ಜೋಡಿಸಿದ್ರು ಅಂತ ಕೇಳಿದ್ರು. ಮಿತಿ ಇದೆ ಅಂತ ಗೊತ್ತಿದ್ದವರು ಮಾತ್ರ ಹಾಗೆ ಕೇಳೋದು. ಅಲ್ವಾ ಮೇಷ್ಟ್ರೇ?"

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಆಗ್ಲೇ ಗೊತ್ತಾಯ್ತಮ್ಮಾ. ಹೇಳಬೇಕು ಅಂತ ಎರಡು ಸಲ ಎದ್ದೆ. ಈ ವಯಸ್ಸಲ್ಲಿ ಹೆಸರು ಕೆಡುತ್ತಲ್ಲ ಅಂತ ಮತ್ತೆ ಕೂತೆ. ಈ ಮಗು ಅಳೋದನ್ನ ನೋಡ್ತಾನೇ ಕೂತೆ." ಆಮೇಲೆ ಕೇಳಿದರು, "ಮೂರು ಬೈಟಾದ್ರೂ ಉಳೀತಲ್ವಾ?"

ಭೂತಗನ್ನಡಿ ತಡವರಿಸಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. "ಇಲ್ಲ ಮೇಷ್ಟ್ರೇ. ಪಕ್ಕದಲ್ಲಿರೋದು ಎಂಟು ಬೈಟಿನ ವಿಳಾಸ. ಅದು ಎಂಟರ ಗಡಿಯಲ್ಲೇ ಕೂರಬೇಕು, ಮುಂದಕ್ಕೆ ಸರಿದು ಬರಲ್ಲ. ನೀವು ಉಳಿಸಿದ ಮೂರು ಬೈಟನ್ನೂ, ಕೋಡ್ ಅನುವಾದಿಸೋ ಕಂಪೈಲರ್ ಮಧ್ಯದಲ್ಲಿ ಸುಮ್ಮನೆ ಖಾಲಿ ಬಿಟ್ಟಿದೆ. ಒಂದು ಬೈಟೂ ಉಳಿದಿಲ್ಲ."

ಮ್ಯಾನೇಜರ್ ಹುಡುಗಿಯತ್ತ ತಿರುಗಿ, ನಾಳೆಯಿಂದ ಎಂದಿನಂತೆ ಬರಬೇಕೆಂದು ಗೊಣಗಿದರು. ಅವಳು ನಾಲ್ಕು ಮಾತು ಬೈದಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತೇನೋ. ಅವಳು ಬೈಯಲಿಲ್ಲ.

"ಆ ಖಾಲಿ ಜಾಗದ ವಿಷಯ ನನಗೆ ಹೇಳಿಕೊಟ್ಟಿದ್ದೇ ನೀವು, ಸರ್," ಎಂದಳು.

ಮೇಷ್ಟ್ರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.