ಸಹಿಯಾಗದ ಪ್ಯಾನೆಲ್

ಎರಡು ದಿನದ ತರಬೇತಿ ಕೊಡಲೆಂದು ಬಂದ ಮನುಷ್ಯ ಹನ್ನೊಂದನೆಯ ದಿನವೂ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದ. ಕೊರಳಿಗೆ ಊಟದ ತಟ್ಟೆಯಷ್ಟಗಲದ ಕಂಪನಿ ಬ್ಯಾಡ್ಜು, ಕೈಯಲ್ಲಿ ಅದೇ ಫಾರಂ. ನೋಡಿದ್ದೇ ತಡ, ಎಕ್ಸ್‌ರೇ ಟೆಕ್ನಿಷಿಯನ್‌ಗೆ ಮೈಯೆಲ್ಲ ಉರಿಯಿತು.

"ಮೇಡಂ, ಇವತ್ತಾದ್ರೂ ಒಂದು ಸೈನ್..."

"ಮೊದಲು ನಿಮ್ಮ ಆಟದ ಸಾಮಾನು ನೆಟ್ಟಗೆ ಕೆಲಸ ಮಾಡ್ಲಿ."

ಆಟದ ಸಾಮಾನು ಎಂದರೆ ಹೊಸ ಪೋರ್ಟಬಲ್ ಎಕ್ಸ್‌ರೇ ಯಂತ್ರ. ಚಿತ್ರ ಹಿಡಿಯುವ ಅದರ ಚಪ್ಪಟೆ ಪ್ಯಾನೆಲ್ಲಿಗೆ ವೈರಿಲ್ಲ. ರೋಗಿಯ ಬೆನ್ನ ಕೆಳಗೆ ಸರಿಸಿದರೆ ಚಿತ್ರ ಗಾಳಿಯಲ್ಲೇ ಟ್ಯಾಬ್ಲೆಟ್ಟಿಗೆ ಬರುತ್ತದೆ. ಒತ್ತುವ ಗುಂಡಿಗೂ ವೈರಿಲ್ಲ. ಒಂಬತ್ತು ವರ್ಷ ವೈರು ಎಳೆದಾಡಿದವಳಿಗೆ ಇದೆಲ್ಲ ಬರೀ ಶೋಕಿ. ಯಂತ್ರ ಒಪ್ಪಿಕೊಂಡೆ ಎಂದು ಅವಳು ಫಾರಂಗೆ ಸಹಿ ಹಾಕುವ ತನಕ ಅದು ಅವನ ಜವಾಬ್ದಾರಿ; ಸಹಿ ಬಿದ್ದ ದಿನ ಅವನು ಬೇರೆ ಊರಿಗೆ ಹೊರಡಬೇಕು.

"ಎಷ್ಟು ದೂರ ನಿಂತ್ಕೊಂಡಾದ್ರೂ ಒತ್ತಬಹುದು ಮೇಡಂ," ಎಂದಿದ್ದ ಮೊದಲ ದಿನ.

"ಹಾಗಾದ್ರೆ ನೀವು ದೂರಾನೇ ನಿಂತ್ಕೊಳ್ಳಿ."

ನಿಂತ. ನಿಂತಲ್ಲಿಂದಲೇ ಅವಳನ್ನು ನೋಡಿ ಕಣ್ಣಲ್ಲೇ ನಕ್ಕ. ಕತ್ತೆ, ಎಂದುಕೊಂಡಳು. ಕತ್ತೆಗೆ ರೆಪ್ಪೆ ಇಷ್ಟುದ್ದ ಯಾಕಿರಬೇಕು ಎಂದೂ ಅಂದುಕೊಂಡಳು.

ದಿನಾ ಅವನದೊಂದೇ ಗೋಳು: "ಹೊರಡೋ ಮುಂಚೆ ಪ್ಯಾನೆಲ್ ಯಂತ್ರದ ಗೂಡಿಗೆ ಬಂತಾ ನೋಡಿ. ವೈರ್ ಇಲ್ವಲ್ಲ, ಹಿಂದಿಂದ ಎಳೆದು ನೆನಪು ಮಾಡಲ್ಲ."

"ಬಂದ್ಬಿಟ್ರು, ನನಗೆ ಕಲಿಸೋಕೆ!"

ಆ ಮಧ್ಯಾಹ್ನ ಮೂರನೇ ಮಂಚದ ಅಜ್ಜನ ಎಕ್ಸ್‌ರೇ ತೆಗೆದು, ಇವನನ್ನು ಬೈಯುತ್ತಲೇ ಯಂತ್ರ ತಳ್ಳಿಕೊಂಡು ಹೋದಳು. ಊಟ ಮುಗಿಸಿ ಬಂದು ನೋಡಿದರೆ ಗೂಡು ಖಾಲಿ! ಪ್ಯಾನೆಲ್ ಅಜ್ಜನ ಬೆನ್ನ ಕೆಳಗೇ ಉಳಿದಿರಬೇಕು. ವಾರ್ಡಿಗೆ ಓಡಿದಳು. ಮೂರನೇ ಮಂಚದ ಮೇಲೆ ಅಜ್ಜನೂ ಇಲ್ಲ, ಹಳೆಯ ಹಾಸಿಗೆ ಬಟ್ಟೆಯೂ ಇಲ್ಲ.

"ಅಜ್ಜನ್ನ ಬೇರೆ ವಾರ್ಡಿಗೆ ಕಳಿಸಿದ್ವಿ, ಬಟ್ಟೆ ಎಲ್ಲಾ ಆಗ್ಲೇ ಲಾಂಡ್ರಿಗೆ ಹೋಯ್ತಲ್ಲೇ," ಎಂದರು ವಾರ್ಡಿನ ಹಿರಿಯ ನರ್ಸು, ಅವಳ ಸ್ವಂತ ಸೋದರತ್ತೆ. ವಿಷಯ ತಿಳಿದು ದನಿ ತಗ್ಗಿಸಿದರು. "ನೀನ್ಯಾಕೆ ಹೆದರ್ತೀಯೇ? ಸಹಿ ಹಾಕಿಲ್ವಲ್ಲ. ಹೋದ್ರೆ ಅವನ ಕೆಲಸ ಹೋಗುತ್ತೆ, ಅಷ್ಟೇ."

ಅವನು ತೊಲಗಿದರೆ ಸಾಕು ಎಂದು ಹನ್ನೊಂದು ದಿನದಿಂದ ಜಪಿಸಿದವಳು ತಾನೇ? ಈಗ ಅವಳ ಜೀವ ಬಾಯಿಗೆ ಬಂತು. ಅಷ್ಟೇ ಅಂತೆ, ಅಷ್ಟೇ! ಅತ್ತೆಯನ್ನು ದುರುಗುಟ್ಟಿ ನೋಡಿ ಅವನ ಹತ್ತಿರ ಓಡಿದಳು.

"ಪ್ಯಾನೆಲ್ ಲಾಂಡ್ರಿಗೆ ಹೋಗ್ಬಿಟ್ಟಿದೆ. ತಪ್ಪು ನಂದು. ಬೈಯೋದಾದ್ರೆ ಆಮೇಲೆ ಬೈರಿ."

ಅವನ ಮುಖ ಬಿಳುಚಿಕೊಂಡಿತು. ಆದರೂ ಬೈಯಲಿಲ್ಲ. "ಟ್ಯಾಬ್ಲೆಟ್ ತಗೊಳ್ಳಿ. ಪ್ಯಾನೆಲ್ ಹತ್ರ ಹೋದಷ್ಟೂ ಸಿಗ್ನಲ್ ಗೆರೆ ಜಾಸ್ತಿ ಆಗುತ್ತೆ."

ಒಂದೇ ಟ್ಯಾಬ್ಲೆಟ್ಟಿನ ಮೇಲೆ ಇಬ್ಬರ ತಲೆ. ಮೆಟ್ಟಿಲಿಳಿಯುವಾಗ ಒಂದು ಗೆರೆ. ಲಾಂಡ್ರಿಯ ಬಾಗಿಲಲ್ಲಿ ಮೂರು. ಒಳಗೆ ದೊಡ್ಡ ವಾಷಿಂಗ್ ಮಷೀನಿನ ಬಾಗಿಲು ಮುಚ್ಚುತ್ತಿತ್ತು.

"ನಿಲ್ಲಿಸಿ!" ಎಂದು ಕಿರುಚಿದಳು.

ತೋಳೆರಡನ್ನೂ ತೂರಿಸಿ ಮೈಲಿಗೆ ಬಟ್ಟೆ ಎಳೆದೆಳೆದು ಬಿಸಾಡಿದಳು. ಐದನೇ ಗಂಟಿನಲ್ಲಿ ಸಿಕ್ಕಿತು, ಹಸಿರು ದೀಪ ಮಿಣುಕುತ್ತ.

"ಅಕ್ಕಾ, ನೀರು ಬಿಡೋದೊಂದೇ ಬಾಕಿ ಇತ್ತು," ಎಂದ ಲಾಂಡ್ರಿಯವನು.

ಪ್ಯಾನೆಲ್ಲನ್ನು ತಬ್ಬಿಕೊಂಡು ಅವಳು ನೆಲದ ಮೇಲೆಯೇ ಕೂತಳು. ಅಳು ಬಂತು.

"ಸಿಗದೇ ಹೋಗಿದ್ರೆ ನನ್ನ ಹೆಸರು ಹೇಳ್ತಿದ್ರಾ?"

"ಇಲ್ಲ."

"ದಡ್ಡ! ಇಂಥ ದಡ್ಡನ್ನ ನಾನು ಎಲ್ಲೂ ನೋಡಿಲ್ಲ. ಕೊಡಿ ಆ ಫಾರಂ."

ಪ್ಯಾನೆಲ್ಲಿನ ಬೆನ್ನ ಮೇಲೆಯೇ ಫಾರಂ ಇಟ್ಟು ಸಹಿ ಗೀಚಿದಳು. ಅವನ ಮುಖ ಬಾಡಿತು.

"ಅಂದ್ರೆ ನಾನಿನ್ನು ಹೊರಡಬಹುದು."

"ಸಹಿ ಹಾಕಿದ್ದು ಪ್ಯಾನೆಲ್ಲಿಗೆ. ಇನ್ಮೇಲೆ ಅದು ಕಳೆದ್ರೆ ನನ್ನ ತಲೆಗೆ ಬರ್ಲಿ, ನಿಮ್ಮ ತಲೆಗಲ್ಲ. ನೀವು ಹೋಗೋದು ನನಗಿಷ್ಟ ಇಲ್ಲ. ನೀವಂದ್ರೆ ನನಗಿಷ್ಟ. ಎರಡನೇ ಸಲ ಹೇಳಲ್ಲ, ಕಿವಿಗೆ ಹಾಕ್ಕೊಳ್ಳಿ."

"ಮೊದಲನೇ ದಿನದಿಂದ ಕಾಯ್ತಿದ್ದೆ," ಎಂದ ಅವನು ಮೆಲ್ಲಗೆ. "ಭಾನುವಾರ ವಾಪಸ್ ಬರ್ತೀನಿ. ತರಬೇತಿಗಲ್ಲ."

"ಬನ್ನಿ. ಆ ದರಿದ್ರ ಬ್ಯಾಡ್ಜು ಬಿಚ್ಚಿಟ್ಟು ಬನ್ನಿ."

ಅವನು ಅಲ್ಲೇ ಅದನ್ನು ಕೊರಳಿಂದ ತೆಗೆದು ಅವಳ ಕೈಗಿಟ್ಟ.